ಅವರಿಗೆ ತನಿಖೆ ಕಲಿಸಿ

ಪೊಲೀಸ್ ತರಬೇತಿಯ ಹೊಣೆ ಹೊತ್ತ ಹಿರಿಯ ಅಧಿಕಾರಿಗಳಿಗೆ,



ಮಹಿಳಾ ದಿನಾಚರಣೆ ಹತ್ತಿರ ಬಂದರೆ ಮಹಿಳಾ ಸಿಬ್ಬಂದಿಗೆ ಒತ್ತಡ ನಿರ್ವಹಣೆಯ ಶಿಬಿರಗಳು ನಡೆಯುತ್ತವೆ. ಪ್ರಾಣಾಯಾಮ, ಧ್ಯಾನ, ಒಂದು ಉಪನ್ಯಾಸ. ಬೇಡವೆನ್ನುವುದಿಲ್ಲ. ಆದರೆ ಜಾತ್ರೆಯ ಬಂದೋಬಸ್ತಿನಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ನೀರೇ ಕುಡಿಯದೆ ದಿನವಿಡೀ ನಿಲ್ಲುವವರಿಗೆ ತಾಳ್ಮೆಯ ಪಾಠ ಇನ್ನೆಷ್ಟು ಬೇಕು? ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳ 2019ರ ಸಮೀಕ್ಷೆಯಲ್ಲಿ, ದೇಶದ ಮಹಿಳಾ ಪೊಲೀಸರ ಪೈಕಿ ಐವರಲ್ಲಿ ಒಬ್ಬರು ತಾವು ಕೆಲಸ ಮಾಡುವಲ್ಲಿ ಪ್ರತ್ಯೇಕ ಶೌಚಾಲಯವೇ ಇಲ್ಲ ಎಂದಿದ್ದರು.

ಅದೇ ವರದಿಯ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುತ್ತದೆ: ಹೆಂಗಸರಿಗೆ ಹೆಚ್ಚಾಗಿ ಠಾಣೆಯೊಳಗಿನ ರಿಜಿಸ್ಟರು, ದೂರು ದಾಖಲೆಯ ಕೆಲಸ; ಗಸ್ತು, ತನಿಖೆಯಂಥ ಹೊರಗಿನ ಕೆಲಸ ಗಂಡಸರಿಗೆ. ಸೇವೆಗೆ ಸೇರಿದ ಮೇಲೆ ಪುನಶ್ಚೇತನ ತರಬೇತಿ ಸಿಗುತ್ತಿದ್ದುದೋ, ಆ ವರದಿಯ ಪ್ರಕಾರ, ನೂರರಲ್ಲಿ ಆರೇಳು ಪೊಲೀಸರಿಗೆ.

ಕಾನೂನಿಗೆ ಮಾತ್ರ ಮಹಿಳಾ ಪೊಲೀಸರು ಬೇಕೇ ಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಮಗುವಿನ ಹೇಳಿಕೆಯನ್ನು ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು, ಅದೂ ಸಮವಸ್ತ್ರವಿಲ್ಲದೆ. ದೇಶದ ಪೊಲೀಸ್ ಬಲದಲ್ಲಿ ಮಹಿಳೆಯರು ನೂರಕ್ಕೆ 12ರ ಆಸುಪಾಸು. ಠಾಣೆಯಲ್ಲಿ ಮಹಿಳಾ ಸಬ್ ಇನ್‌ಸ್ಪೆಕ್ಟರ್ (ಪಿಎಸ್ಐ) ಇಲ್ಲದಿದ್ದರೆ ಪಕ್ಕದ ಠಾಣೆಯವರನ್ನು ಕರೆಸಬೇಕು. ಆಕೆ ಬಂದು, ಆ ಮಗುವಿನ ಬಾಯಿಂದ ಕೇಳಬಾರದ್ದನ್ನೆಲ್ಲ ಕೇಳಿ, ಬರೆದುಕೊಟ್ಟು ಮರಳಬೇಕು. ಆಮೇಲೆ ಆರೋಪಿ ಸಿಕ್ಕನೋ, ಸಾಕ್ಷಿ ನಿಂತಿತೋ, ಶಿಕ್ಷೆಯಾಯಿತೋ ಆಕೆಗೆ ತಿಳಿಸುವವರು ಯಾರು? ಕೇಳಿದ ಸಂಕಟವೆಲ್ಲ ಆಕೆಯಲ್ಲೇ ಉಳಿದು, ಅದಕ್ಕೆ ಪರಿಹಾರ ಕಾಣಿಸುವ ಕೆಲಸ ಇನ್ನೊಬ್ಬರ ಪಾಲಾದರೆ ಎಂಥ ಗಟ್ಟಿ ಮನಸ್ಸೂ ಸವೆಯುತ್ತದೆ. ಈ ಸವೆತವನ್ನು ಧ್ಯಾನ ತಡೆಯಲಾರದು.

ಇಲಾಖೆ ಮನಸ್ಸು ಮಾಡಿದರೆ ಬದಲಾವಣೆ ಆಗುತ್ತದೆ. ಕರ್ನಾಟಕದ ಮೊದಲ ಮಹಿಳಾ ಡಿಜಿ-ಐಜಿಪಿ ನೀಲಮಣಿ ರಾಜು ಅವರಿದ್ದಾಗ, 2018ರಲ್ಲಿ, ಮಹಿಳಾ ಸಿಬ್ಬಂದಿ ಖಾಕಿ ಸೀರೆಯ ಬದಲು ಪ್ಯಾಂಟು ಶರ್ಟು ತೊಡುವಂತೆ ಸುತ್ತೋಲೆ ಬಂತು. ಓಡಲು, ಬೈಕ್ ಹತ್ತಲು ಇದ್ದ ತೊಡಕು ಒಂದು ಸಹಿಯಿಂದ ಕಳೆಯಿತು.

ಈಗ ಇನ್ನೊಂದು ಸಹಿ ಬೇಕಾಗಿದೆ. 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಂತೆ ಶೋಧ, ಜಪ್ತಿಯನ್ನು ಚಿತ್ರೀಕರಿಸುವುದು ಕಡ್ಡಾಯ. ಇದನ್ನು ಗಂಡಸರೂ ಹೊಸದಾಗಿಯೇ ಕಲಿಯಬೇಕು. ಮಹಿಳಾ ಸಿಬ್ಬಂದಿಯನ್ನು ಮೊದಲ ತಂಡದಲ್ಲೇ ಕಳಿಸಿ. ಮಹಜರು ಬರೆಯುವುದು, ಮೊಬೈಲಿನ ಸಾಕ್ಷ್ಯ ಕಾಪಾಡುವುದು, ನೊಂದ ಮಗುವಿನೊಡನೆ ಮಾತಾಡುವುದು, ಪಾಟೀಸವಾಲಿನಲ್ಲಿ ಎದೆಗುಂದದಿರುವುದು — ಇವನ್ನು ಅನುಭವಿ ತನಿಖಾಧಿಕಾರಿಗಳಿಂದ ಹೇಳಿಸಿ. ತರಬೇತಿಗೆ ಹೋದ ದಿನ ಬಂದೋಬಸ್ತಿಗೆ ಹಿಂದಕ್ಕೆ ಕರೆಸಬೇಡಿ. ಹಸುಗೂಸಿನ ತಾಯಂದಿರೂ ಬರಲಾಗುವಂತೆ ಜಿಲ್ಲಾ ಕೇಂದ್ರದಲ್ಲೇ ನಡೆಸಿ. ಕಲಿತು ಬಂದ ಕಾನ್‌ಸ್ಟೆಬಲ್‌ಗಳನ್ನು ಮತ್ತೆ ರಿಜಿಸ್ಟರಿನ ಮುಂದೆ ಕೂರಿಸದೆ ಅಪರಾಧ ವಿಭಾಗಕ್ಕೆ ಹಾಕಿ. ಪಿಎಸ್ಐಗಳಿಗೆ ಹೇಳಿಕೆಯ ಜೊತೆಗೆ ಇಡೀ ಪ್ರಕರಣವನ್ನೇ ವಹಿಸಿ, ದೋಷಾರೋಪ ಪಟ್ಟಿ ಸಲ್ಲಿಸುವವರೆಗೆ ವರ್ಗಾವಣೆ ಮಾಡಬೇಡಿ.

ಇಂತಿ,
ಒಬ್ಬ ನಾಗರಿಕಳು