ಕಂಡೋರ್ಯಾರು ಯೋಳಿ?

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರದ ಟೀ ಅಂಗಡಿಯಲ್ಲಿ ಬೆಳಗ್ಗೆ ಏಳಕ್ಕೆ ಟೀವಿ ಹಾಕುತ್ತಾರೆ. ಅದಕ್ಕೂ ಐದು ನಿಮಿಷ ಮೊದಲೇ ಟೀವಿ ಕೆಳಗಿನ ಬೆಂಚಿನಲ್ಲಿ ಯಜಮಾನರು ಆಸೀನರಾಗಿರುತ್ತಾರೆ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಪ್ಲಾಸ್ಟಿಕ್ ಕವರು ಸುತ್ತಿದ ಒಂದು ಫೈಲು. ಆ ಫೈಲಿನ ಕಥೆ ಆಮೇಲೆ ಬರುತ್ತದೆ. ಅವರ ನಿಜವಾದ ಹೆಸರು ಪಹಣಿಯಲ್ಲಿದೆ, ಬಾಯಲ್ಲಿ ಇಲ್ಲ. ಟೀ ಅಂಗಡಿಯವರಿಗೆಲ್ಲ ಅವರು ‘ಕಂಡೋರ್ಯಾರು ಯಜಮಾನ್ರು’. ನಿಮ್ಮೂರಲ್ಲೂ ಒಬ್ಬರು ಇದ್ದೇ ಇರುತ್ತಾರೆ.

ಈ ಬಿರುದು ಬಂದದ್ದು 2018ರ ಜನವರಿಯಲ್ಲಿ. ಆಗ ಕೇಂದ್ರದಲ್ಲಿ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಔರಂಗಾಬಾದಿನಲ್ಲಿ ಒಂದು ಮಾತು ಹೇಳಿದರು: ಡಾರ್ವಿನ್ನನ ಸಿದ್ಧಾಂತ ತಪ್ಪು, ಕೋತಿ ಮನುಷ್ಯನಾದದ್ದನ್ನು ನಮ್ಮ ಪೂರ್ವಜರು ಯಾರೂ ಕಂಡಿಲ್ಲ, ಕಂಡೆವೆಂದು ಬರೆದೂ ಇಲ್ಲ, ಆದ್ದರಿಂದ ಪಾಠದಿಂದ ಅದು ಹೋಗಬೇಕು. ಸಚಿವರು ಹಿಂದೆ ಮುಂಬಯಿಯ ಪೊಲೀಸ್ ಕಮಿಷನರ್ ಆಗಿದ್ದವರು. ಪ್ರತ್ಯಕ್ಷ ಸಾಕ್ಷಿ ಕೇಳುವುದು ಕೈಗೆ ಹತ್ತಿದ ಅಭ್ಯಾಸ. ನಮ್ಮ ಟೀವಿಯಲ್ಲಿ ಅದೇ ಮಾತು ಬೆಳಗ್ಗಿನ ಟೀಗೆ ಒಮ್ಮೆ, ಸಂಜೆಯ ಬೋಂಡಕ್ಕೆ ಒಮ್ಮೆ ಬಂತು. ಯಜಮಾನರು ಮೂರನೆಯ ಸಲ ಕೇಳುವಾಗ ಬೆಂಚು ಬಡಿದರು.

“ಸರಿಯಾಗ್ ಯೋಳುದ್ರು! ಕಂಡೋರ್ಯಾರು? ಯೋಳಿ ಮೇಷ್ಟ್ರೇ, ಕಂಡೋರ್ಯಾರು?”

ಮೇಷ್ಟ್ರು ಎಂದರೆ ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಕೈಯಲ್ಲಿದ್ದ ಬನ್ನು ಹಾಗೇ ಉಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ದೇಶದ ಮೂರು ಅಕಾಡೆಮಿಗಳು ಸಚಿವರ ಮಾತಿಗೆ ಆಧಾರವಿಲ್ಲವೆಂದು ಒಟ್ಟಾಗಿ ಹೇಳಿಕೆ ಕೊಟ್ಟಿವೆ ಎಂದೆ.

“ಅದು ಟೀವಿಲಿ ಬಂತಾ?”

“ಪೇಪರಿನಲ್ಲಿ ಬಂತು.”

“ಪೇಪರ್ ಬುಡಿ, ಯಾರ್ ಬೇಕಾದ್ರೂ ಬರೀತಾರೆ.”

ಯಜಮಾನರು ದಡ್ಡರಲ್ಲ. ಹಳೆಯ ಎಸ್ಸೆಸ್ಸೆಲ್ಸಿ, ಲೆಕ್ಕದಲ್ಲಿ ನನಗಿಂತ ಚುರುಕು, ಅರಿಸಿನದ ಧಾರಣೆ ಯಾವಾಗ ಬೀಳುತ್ತದೆಂದು ವ್ಯಾಪಾರಿಗಿಂತ ಮೊದಲೇ ಮೂಸಿ ಹೇಳುತ್ತಾರೆ. ಟೀವಿ ಮುಂದೆ ಕೂತಾಗ ಮಾತ್ರ ಅವರ ಅನುಮಾನಕ್ಕೆ ಅರ್ಧಾಂಗವಾಯು ಬಡಿಯುತ್ತದೆ. ಬಲಗಡೆ ಕೆಲಸ ಮಾಡುತ್ತದೆ, ಎಡಗಡೆ ಮಾಡುವುದಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂಬುದಕ್ಕೆ ಅವರಿಗೆ ಸಾಕ್ಷಿಯೇ ಬೇಡ. ಸಿದ್ದರಾಮಯ್ಯನವರು 2013ರಿಂದ ಎಷ್ಟೋ ಸಲ ಬಂದು ಹೋದರಲ್ಲ, ಐದು ವರ್ಷ ಪೂರ್ತಿ ಮಾಡಿದರಲ್ಲ ಎಂದರೆ, “2018ರಲ್ಲಿ ಹೋಯ್ತೋ ಇಲ್ವೋ?” ಎನ್ನುತ್ತಾರೆ. 2023ರಲ್ಲಿ ತಿರುಗಿ ಬಂದರಲ್ಲ ಎಂದರೆ, “ಶಾಂತಿ ಮಾಡುಸ್ಕಂಡಿರ್ತಾರೆ.” ಅದನ್ನು ಕಂಡೋರ್ಯಾರು ಎಂದು ಕೇಳುವ ಧೈರ್ಯ ಟೀ ಅಂಗಡಿಯಲ್ಲಿ ಯಾರಿಗೂ ಇಲ್ಲ. ನನಗೂ ಇರಲಿಲ್ಲ.

2019ರ ಜನವರಿಯಲ್ಲಿ ಜಲಂಧರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಆಂಧ್ರ ವಿಶ್ವವಿದ್ಯಾಲಯದ ಕುಲಪತಿಗಳು ಡಾರ್ವಿನ್ನನಿಗಿಂತ ದಶಾವತಾರವೇ ಮೇಲು ಎಂದಾಗ ಯಜಮಾನರ ಸಂತೋಷ ಹೇಳತೀರದು. ಮೀನು, ಆಮೆ, ಹಂದಿ ಎಂದು ಬೆರಳು ಮಡಿಸಿ ಎಣಿಸಿದರು. ಅವತ್ತಿನಿಂದ ಅವರ ವಾದ ಹೀಗಾಯಿತು: ಡಾರ್ವಿನ್ ಹೇಳಿದ್ದೆಲ್ಲ ಸುಳ್ಳು, ಮತ್ತು ಅದನ್ನು ಅವನು ನಮ್ಮಿಂದಲೇ ಕದ್ದ.

ನಾನು ಸುಮ್ಮನಿರಲಿಲ್ಲ. ಮೊದಲು ಸ್ಕೂಲಿನ ಗೋಡೆಪಟ ತಂದು ತೋರಿಸಿದೆ. ಬಾಗಿದ ವಾನರದಿಂದ ಹಿಡಿದು ನೆಟ್ಟಗೆ ನಿಂತ ಮನುಷ್ಯನವರೆಗೆ ಒಂದೇ ಸಾಲು. ಅದು ನಾನು ಮಾಡಿದ ದೊಡ್ಡ ತಪ್ಪು. ಆ ಪಟ ನೋಡಿದ ಯಾರಿಗಾದರೂ ಇದು ರೇಷನ್ ಅಂಗಡಿಯ ಕ್ಯೂ, ಹಿಂದಿನವನು ಸರಿದು ಸರಿದು ಮುಂದಿನವನಾಗುತ್ತಾನೆ ಎನಿಸುತ್ತದೆ. ಯಜಮಾನರಿಗೂ ಹಾಗೇ ಅನಿಸಿತು. “ಎಲ್ಲಾ ಮುಂದಕ್ ಬಂದ್ಮೇಲೆ ಗೋಪಾಲಸ್ವಾಮಿ ಬೆಟ್ಟದಲ್ಲಿ ನನ್ ಕೈಯಿಂದ ಕಾಯಿ ಕಿತ್ಕಂಡದ್ದು ಯಾರು ಮೇಷ್ಟ್ರೇ?”

ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ ಕೊಟ್ಟು ನೋಡಿದೆ. ಎರಡು ರಾತ್ರಿಯಲ್ಲಿ ಮುಗಿಸಿ ತಂದರು. ಅದರಲ್ಲಿ ಬರುವ ಹಾರುವ ಓತಿ ಇರುವುದು ನೂರಕ್ಕೆ ನೂರು ನಿಜವಂತೆ. ಯಾಕೆಂದರೆ “ಮಂದಣ್ಣ ಕಂಡವ್ನಲ್ಲ!”

ಯಜಮಾನರ ಜೊತೆ ಹತ್ತಿಯ ಹೊಲಕ್ಕೇ ಹೋದೆ. 2002ರಲ್ಲಿ ಬಿಟಿ ಹತ್ತಿ ಬಂದಾಗ ಅದರ ಕಾಯಿ ತಿಂದ ಹುಳ ಸತ್ತು ಬೀಳುತ್ತಿತ್ತು. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಅದನ್ನು ತಿಂದು ಜೀರ್ಣಿಸಿಕೊಳ್ಳತೊಡಗಿದ್ದು ಖಚಿತವಾಯಿತು. ಸಾಯದೆ ಉಳಿದ ನಾಲ್ಕು ಹುಳಕ್ಕೆ ಮಕ್ಕಳಾದವು, ಆ ಮಕ್ಕಳೂ ಸಾಯಲಿಲ್ಲ, ಡಾರ್ವಿನ್ ಹೇಳಿದ್ದು ಇಷ್ಟೇ, ಇದನ್ನು ನೀವೇ ಕಣ್ಣಾರೆ ಕಂಡಿದ್ದೀರಿ ಎಂದೆ. ಯಜಮಾನರು ಒಂದು ಕಾಯಿ ಬಿಡಿಸಿ, ಒಳಗಿನ ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ನಾನು ಗೆದ್ದೆ ಎಂದುಕೊಂಡೆ.

“ಹುಳ ಬದಲಾಗಿಲ್ಲ ಮೇಷ್ಟ್ರೇ. ಬಿತ್ತನೆ ಬೀಜ ಕಲಬೆರಕೆ.”

ಇದಕ್ಕೆ ಎದುರಾಡುವುದು ಕಷ್ಟ. ಕಲಬೆರಕೆ ಬೀಜವೂ ಇದೆಯಲ್ಲ.

ನಾನು ಹುಡುಗನಾಗಿದ್ದಾಗಿನ ರೇಡಿಯೋ ನೆನಪಾಯಿತು. 1990ರ ದಶಕದ ಮೊದಲಲ್ಲಿ ಆಕಾಶವಾಣಿ ಮನುಷ್ಯನ ವಿಕಾಸವನ್ನು 144 ಕಂತಿನ ಧಾರಾವಾಹಿ ಮಾಡಿ, ಹದಿನೆಂಟು ಭಾಷೆಗಳಲ್ಲಿ ಹೇಳಿತ್ತು. ಯಾರೂ ಕಿರುಚುತ್ತಿರಲಿಲ್ಲ. ಈಗ ಟೀವಿಯವರು ಕೊಡುವುದು ಅರ್ಧ ಗಂಟೆ, ಅದರಲ್ಲೂ ಹತ್ತು ನಿಮಿಷ ಜಾಹೀರಾತು. ಕಿಟಕಿ ಕಿಟಕಿಯಾಗಿ ಆರು ಮುಖ, ಐದು ಜನ ಕೂಗುತ್ತಾರೆ, ಆರನೆಯವರು ಯಾವುದೋ ಕಾಲೇಜಿನ ಜೀವಶಾಸ್ತ್ರದ ಪಾಪದ ಪ್ರೊಫೆಸರು, ಅವರ ಮೈಕು ಕೆಟ್ಟಿರುತ್ತದೆ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ‘ಅನುವಂಶೀಯತೆ ಮತ್ತು ಜೀವ ವಿಕಾಸ’ ಪಾಠದಿಂದ ಜೀವ ವಿಕಾಸವನ್ನು ಕತ್ತರಿಸಿದಾಗ 1800ಕ್ಕೂ ಹೆಚ್ಚು ವಿಜ್ಞಾನಿಗಳೂ ಮೇಷ್ಟರುಗಳೂ ಸಹಿ ಹಾಕಿ ಬಹಿರಂಗ ಪತ್ರ ಬರೆದರು. ಸಹಿ ಹಾಕಬೇಕಾದದ್ದೇ. ಆದರೆ ಸಹಿ ಮಾಡಿದ ಕಾಗದ ಟೀ ಅಂಗಡಿಯ ಬೆಂಚಿನವರೆಗೆ ನಡೆದು ಬರುವುದಿಲ್ಲ.

ಇನ್ನು ಫೈಲಿನ ಕಥೆ.

ಒಂದು ದಿನ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ಬಸ್ಸಿನಲ್ಲಿ ಯಜಮಾನರು ನನ್ನ ಪಕ್ಕ ಕೂತರು. ಕೋರ್ಟಿನಲ್ಲಿ ವಾಯಿದೆ. ದಾಯಾದಿಗಳ ಮೇಲೆ ಭಾಗದ ದಾವೆ, ಸುಮಾರು ವರ್ಷದಿಂದ ನಡೆಯುತ್ತಿದೆ. ಫೈಲು ಬಿಚ್ಚಿದರು. ಮೇಲೆಯೇ ನಾಡಕಚೇರಿಯ ಸೀಲು ಬಿದ್ದ ವಂಶವೃಕ್ಷ. ತುದಿಯಲ್ಲಿ ಮುತ್ತಾತ, ಕೆಳಗೆ ಮೂರು ಕೊಂಬೆ, ಕೊಂಬೆಗೆ ಕವಲು, ಕೆಲವು ಹೆಸರಿನ ಮುಂದೆ ‘ಮೃತ’, ಕೆಲವದರ ಮುಂದೆ ‘ಸಂತಾನವಿಲ್ಲ’.

“ಈ ಮುತ್ತಾತನ್ನ ನೀವು ಕಂಡಿದ್ದೀರಾ ಯಜಮಾನ್ರೇ?”

“ಎಲ್ಲಿ ಮೇಷ್ಟ್ರೇ, ನಮ್ಮಪ್ಪನೇ ಕಂಡಿಲ್ಲ.”

“ಮತ್ತೆ ಕಂಡೋರ್ಯಾರು?”

“ಕಾಣದ್ ಯಾಕೆ?” ಎಂದು ಅವರು ಸೀಟಿನಲ್ಲೇ ಅರ್ಧ ಎದ್ದರು. “ಹಳೇ ಕಂದಾಯದ ರಸೀತಿ ಅದ. ಬಾವಿ ಕಲ್ಲಿನ ಮ್ಯಾಲೆ ಹೆಸರ್ ಕೆತ್ತುಸವ್ರೆ. ಮೂರು ಮನೇಗೂ ಮನೆದೇವ್ರು ಒಂದೇ. ಅದಕ್ಕಿಂತ್ಲೂ ನೋಡಿ ಇಲ್ಲಿ, ಸರ್ವೆ ನಂಬರ್ ಬರೀವಾಗ ಒಂದು ಅಂಕಿ ತಪ್ಪದ. ನಮ್ ಕಾಗದದಲ್ಲೂ ಅದೇ ತಪ್ಪು, ಅವರ ಕಾಗದದಲ್ಲೂ ಅದೇ ತಪ್ಪು. ಇಬ್ರೂ ಒಂದೇ ಮೂಲ ಪತ್ರ ನೋಡ್ಕಂಡು ಬರಕಂಡವ್ರೆ ಅನ್ನಕೆ ಇನ್ನೇನ್ ಬೇಕು? ನಮ್ ಲಾಯರ್ರು ಇದ್ನೇ ಹಿಡ್ಕಂಡವ್ರೆ.”

ಬಸ್ಸು ಹೊಂಡಕ್ಕೆ ಬಿದ್ದು ಎದ್ದಿತು. ಇಷ್ಟು ವರ್ಷ ನಾನು ಪಟ, ಪುಸ್ತಕ ಹಿಡಿದುಕೊಂಡು ಅಲೆದೆನಲ್ಲ, ಬೇಕಾದ ಸಾಕ್ಷಿಯನ್ನು ಇವರು ಕಂಕುಳಲ್ಲೇ ಇಟ್ಟುಕೊಂಡಿದ್ದಾರೆ!

ಡಾರ್ವಿನ್ನನ 1859ರ ಆ ದೊಡ್ಡ ಪುಸ್ತಕದಲ್ಲಿ ಇರುವುದು ಒಂದೇ ಒಂದು ಚಿತ್ರ, ಅದೂ ಕವಲೊಡೆದ ವಂಶವೃಕ್ಷ, ನಾಡಕಚೇರಿಯ ಸೀಲು ಮಾತ್ರ ಇಲ್ಲ ಎಂದೆ. ಕೋತಿ ನಮಗೆ ತಾತ ಅಲ್ಲ, ದಾಯಾದಿ. ಇಬ್ಬರಿಗೂ ಮುತ್ತಾತ ಒಬ್ಬ, ಭಾಗವಾಗಿ ಸುಮಾರು ಎರಡೂವರೆ ಕೋಟಿ ವರ್ಷ. ನೀವು ಹುಟ್ಟಿದಿರೆಂದು ನಿಮ್ಮ ಚಿಕ್ಕತಾತನ ಮೊಮ್ಮಕ್ಕಳು ಊರು ಬಿಟ್ಟು ಹೋದರೇ? ಹಾಗೇ ಬೆಟ್ಟದ ಕೋತಿಯೂ. ಇನ್ನು ಅಂಕಿ ತಪ್ಪಿದ ಮಾತು: ಹಸು, ನಾಯಿ ತಮಗೆ ಬೇಕಾದ ವಿಟಮಿನ್ ಸಿಯನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತವೆ. ಅದನ್ನು ಮಾಡುವ ಜೀನು ನಮ್ಮಲ್ಲೂ ಇದೆ, ಆದರೆ ಕೆಟ್ಟು ಕೂತಿದೆ. ಕೋತಿಯಲ್ಲೂ ಅದೇ ಜೀನು ಕೆಟ್ಟು ಕೂತಿದೆ. ಎರಡು ಕಾಗದ, ಒಂದೇ ತಪ್ಪು.

ಯಜಮಾನರು ಸುಮ್ಮನಾದರು. ತೆರಕಣಾಂಬಿ ಬಂತು, ಹೋಯಿತು. ವಂಶವೃಕ್ಷವನ್ನು ಮಡಿಸಿ ಕವರಿಗೆ ಹಾಕಿ, ಕವರಿಗೆ ರಬ್ಬರ್ ಬ್ಯಾಂಡು ಹಾಕಿ ಕೇಳಿದರು:

“ದಾಯಾದಿ ಅಂದ್ರೆ ಪಾಲು ಕೇಳ್ತವಾ?”

“ನಿಮ್ಮ ಬಾಳೆ ತೋಟಕ್ಕೆ ಬರೋದಿಲ್ವಾ?”

“ಬತ್ತವ,” ಎಂದರು ಮೆತ್ತಗೆ. “ದಿನಾ ಬತ್ತವ.”

ಮಾರನೆಯ ಬೆಳಗ್ಗೆ ಟೀ ಅಂಗಡಿಯಲ್ಲಿ ಟೀವಿಗಿಂತ ಜೋರಾಗಿ ಯಜಮಾನರ ದನಿ ಕೇಳುತ್ತಿತ್ತು. ರಬ್ಬರ್ ಬ್ಯಾಂಡು ಬಿಚ್ಚಿ, ವಂಶವೃಕ್ಷವನ್ನು ಬೆಂಚಿನ ಮೇಲೆ ಹರಡಿ, ಸುತ್ತ ಆರೇಳು ಜನರಿಗೆ ವಿವರಿಸುತ್ತಿದ್ದರು. ಮೀನಿನಿಂದ ಹಿಡಿದು ವಿಟಮಿನ್‌ವರೆಗೆ ಒಂದೂ ಬಿಟ್ಟಿರಲಿಲ್ಲ. ನನ್ನನ್ನು ಕಂಡದ್ದೇ ಕೈ ಎತ್ತಿ ಕರೆದರು.

“ಬನ್ನಿ ಮೇಷ್ಟ್ರೇ! ಕೋತಿ ನಮ್ ದಾಯಾದಿ ಅಂತ ನಮ್ ಮೇಷ್ಟ್ರು ಕಂಡಿಡ್ದವ್ರೆ ಕಣ್ರಪ್ಪಾ. ಆ ಡಾರ್ವಿನ್ನು ತಾತ ಅಂತ ಸುಳ್ ಯೋಳ್ಬುಟ್ಟವ್ನೆ.”

ಈಗಿನ ಕೋತಿ ನಮ್ಮ ತಾತ ಎಂದು ಡಾರ್ವಿನ್ ಎಲ್ಲೂ ಹೇಳಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಮುಂದೆ ಟೀ ಬಂತು, ಲೆಕ್ಕ ಯಜಮಾನರದೆಂದು ಅಂಗಡಿಯವನು ಹೇಳಿದ. ಕುಡಿದೆ.