ಗೊಂಬೆ ಇಳಿಸೋಣ ಬನ್ನಿ

ಅಕ್ಕಾ, ಬಟ್ಟೆ ಆಮೇಲೆ ಹರವೀರಂತೆ, ಒಂದು ನಿಮಿಷ ಕಾಂಪೌಂಡ್ ಹತ್ತಿರ ಬನ್ನಿ. ನಾಡಿದ್ದು ಪಾಡ್ಯ. ನಿಮ್ಮ ಮನೇಲಿ ಗೊಂಬೆಗೆ ಮೆಟ್ಟಿಲು ಜೋಡಿಸಿ ಆಯ್ತಾ? ಮೂಲೆಮನೆ ಅಜ್ಜಿ ಈ ಸಲವೂ ಕೂರಿಸೋದಿಲ್ಲವಂತೆ. "ಒಬ್ಬಳಿಗೆ ಯಾತರ ಹಬ್ಬವಮ್ಮ" ಅಂದುಬಿಟ್ಟರು. ನಿನ್ನೆಯಿಂದ ಅದೇ ಮಾತು ಕೊರೀತಿದೆ.

ಮಾಮೂಲಿ ದಿನ ಹೇಗೋ ಕಳೆಯುತ್ತೆ. ಕೆಲಸದವಳು ಬರ್ತಾಳೆ, ಸೊಪ್ಪಿನವಳು ಕೂಗ್ತಾಳೆ, ನಾಲ್ಕು ಮಾತಾಗುತ್ತೆ. ಹಬ್ಬದ ದಿನ ಅವರೆಲ್ಲ ಅವರವರ ಮನೇಲಿ. ಬೆಳಗ್ಗೆ ಪೂಜೆ, ನೈವೇದ್ಯ ಅಂತ ಕೈಗೆ ಕೆಲಸ ಇರುತ್ತೆ. ಕಷ್ಟ ಇರೋದು ಸಂಜೆ. ಮೈಸೂರಿಗೆ ಮೈಸೂರೇ ದೀಪ ನೋಡೋಕೆ ಹೊರಟಿರುತ್ತೆ. ಅಜ್ಜಿ ಮಗ ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ದೀಪ ಹಚ್ಚೋ ಹೊತ್ತಿಗೆ ಅಲ್ಲಿ ಬೆಳಗಿನ ಜಾವ. ಮಲಗಿರೋ ಮಗನನ್ನ ಎಬ್ಬಿಸೋಕೆ ಯಾವ ತಾಯಿಗೆ ಮನಸ್ಸು ಬರುತ್ತೆ ಹೇಳಿ.

ಇದನ್ನ ಬರೀ ಬೇಜಾರು ಅಂತ ತಳ್ಳಿಹಾಕೋ ಹಾಗಿಲ್ಲ. ನಮ್ಮ ಮಂಡ್ಯ ಜಿಲ್ಲೆ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದರಲ್ಲ, 2023ರಲ್ಲಿ ಅವರು ಒಂಟಿತನದ ಬಗ್ಗೆಯೇ ಒಂದು ಎಚ್ಚರಿಕೆ ಹೊರಡಿಸಿದರು. ಜನರ ಒಡನಾಟ ಇಲ್ಲದ ಬದುಕು ಆಯಸ್ಸಿಗೆ ಎಷ್ಟು ಕುತ್ತು ಅಂದರೆ, ದಿನಕ್ಕೆ 15 ಸಿಗರೇಟಿನವರೆಗೆ ಸೇದಿದಷ್ಟು ಅಂತ ಅದರಲ್ಲಿತ್ತು.

ನಮ್ಮ ಹಿರಿಯರನ್ನ ನೆನೆಸಿಕೊಂಡರೆ ಕೈ ಮುಗೀಬೇಕು ಅನ್ನಿಸುತ್ತೆ. ಗೊಂಬೆ ಕೂರಿಸಿದ ಮನೆಗೆ ದಿನಾ ಸಂಜೆ ಮಕ್ಕಳು ಬರಲೇಬೇಕು, ಅವರ ಕೈಗೆ ಗೊಂಬೆ ಬಾಗಿನ ಬೀಳಲೇಬೇಕು. ಇವತ್ತು ಚಕ್ಕುಲಿ, ನಾಳೆ ಕೊಬ್ಬರಿ ಮಿಠಾಯಿ. ನವರಾತ್ರಿ ಪೂರ್ತಿ ಮನೆ ಬಾಗಿಲು ಹಾಕೋ ಹಾಗೇ ಇಲ್ಲ.

ಅಜ್ಜಿಗೆ ಹಬ್ಬ ಬೇಡವಾಗಿಲ್ಲ ಅಕ್ಕಾ, ಅಟ್ಟದ ಮೇಲಿನ ಟ್ರಂಕು ಇಳಿಸೋ ಶಕ್ತಿ ಇಲ್ಲ, ಅಷ್ಟೇ. ಪಟ್ಟದ ಗೊಂಬೆ ಮಾತ್ರ ಬೀರುವಿನಲ್ಲಿತ್ತು, ತೆಗೆದು ತೋರಿಸಿದರು. ಮದುವೇಲಿ ತವರಿನವರು ಕೊಟ್ಟ ರಾಜ ರಾಣಿ, ರಕ್ತಚಂದನದ್ದು. ಹಳೇ ಪಂಚೆ ಚೂರಲ್ಲಿ ಸುತ್ತಿ ಬೇವಿನೆಲೆ ಇಟ್ಟಿದ್ದಾರೆ. ಬಿಚ್ಚಿದರೆ ರಾಣಿ ಮೈಮೇಲೆ ಹೊಚ್ಚಹೊಸ ಸೀರೆ! ರವಿಕೆ ಬಟ್ಟೆ ತುಂಡಿಗೆ ಜರಿ ಅಂಚು ಹೊಲಿದು, ಸಣ್ಣ ಸಣ್ಣ ನೆರಿಗೆ ಹಿಡಿದು ಉಡಿಸಿದ್ದಾರೆ. ಕೂರಿಸೋದಿಲ್ಲ ಅಂದ ಗೊಂಬೆಗೆ ಈ ಸಿಂಗಾರ. ನನಗೆ ಮಾತೇ ಹೊರಡಲಿಲ್ಲ.

"ನಮ್ಮನೆಗೆ ಊಟಕ್ಕೆ ಬನ್ನಿ" ಅಂದರೆ ಅವರು ಬರೋದಿಲ್ಲ. ಇನ್ನೊಬ್ಬರಿಗೆ ಭಾರವಾದೇನು ಅನ್ನೋ ಸಂಕೋಚ. ಒಂಟಿಯಾಗಿರೋರಿಗೆ ಬೇಕಾಗಿರೋದು ಕನಿಕರ ಅಲ್ಲ ಅಕ್ಕಾ, ತಮ್ಮಿಂದ ಯಾರಿಗೋ ಏನೋ ಆಗಬೇಕು ಅನ್ನೋದು. "ಒಬ್ಬಟ್ಟಿನ ಹೂರಣ ಸಡಿಲ ಆಗಿದೆ, ಸ್ವಲ್ಪ ನೋಡಿ" ಅಂತ ಕರೆಯಿರಿ, ಸೆರಗು ಸಿಕ್ಕಿಸಿಕೊಂಡು ಬರ್ತಾರೆ. ಮಗ ಯಾಕೆ ಬರಲಿಲ್ಲ ಅಂತ ಮಾತ್ರ ಯಾರೂ ಕೇಳಬೇಡಿ.

ಎದುರು ಮಹಡೀಲಿ ಬಾಡಿಗೆಗಿರೋ ಹುಡುಗರಿಗೂ ರಜೆ ಸಿಕ್ಕಿಲ್ಲವಂತೆ, ಊರಿಗೆ ಹೋಗ್ತಿಲ್ಲ. ಟ್ರಂಕು ಇಳಿಸಿಕೊಡ್ತೀರಾ ಅಂದೆ, ಮುಖ ಅರಳಿತು. ಅವರೂ ಯಾರಾದರೂ ಕರೆಯಲಿ ಅಂತ ಕಾಯ್ತಿದ್ದರು ಅನ್ನಿಸುತ್ತೆ. ಅವರಲ್ಲೊಬ್ಬ ಈಚೆಗೆ ತೀರಾ ಮಂಕಾಗಿದ್ದಾನೆ, ನಿದ್ದೇನೇ ಬರೋಲ್ಲವಂತೆ. ಅಂಥದಕ್ಕೆ ಬರೀ ನಮ್ಮ ಮಾತು ಸಾಲದು. ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟು ಬಂದೆ. ಸರ್ಕಾರದ್ದೇ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.

ಸರಿ, ನೀವೊಂದು ಉಪಕಾರ ಮಾಡಿ. ನಮ್ಮ ಏಣಿ ಅಟ್ಟಕ್ಕೆ ಎಟಕೋದಿಲ್ಲ, ನಿಮ್ಮದು ಕೊಡಿ. ಹಾಗೇ ಮೊದಲನೇ ದಿನದ ಬಾಗಿನಕ್ಕೆ ನಿಮ್ಮ ಕೋಡುಬಳೆ. ಆದರೆ ಹಿಟ್ಟು ಹದ ಮಾಡೋದು ಅಜ್ಜಿಗೇ ಬಿಡಿ.