ಬುಟ್ಟಿ ನೋಡಿ ಬಂದವರಿಗೆ ಒಂದು ಬಹಿರಂಗ ಪತ್ರ

ವಿದೇಶ ಸುತ್ತಿ ದೇವನಹಳ್ಳಿಯಲ್ಲಿ ಬಂದಿಳಿಯುವ ನನ್ನ ಬಂಧುಗಳೇ,

ಊರಿಗೆ ಬಂದ ವಾರದಲ್ಲೇ ನಿಮ್ಮಿಂದ ಕೇಳುವ ಮಾತು ಒಂದೇ: "ಅಲ್ಲಿ ಹೆಜ್ಜೆಗೊಂದು ಕಸದ ಬುಟ್ಟಿ, ನಮ್ಮಲ್ಲೇಕಿಲ್ಲ?" ಪ್ರಶ್ನೆ ನ್ಯಾಯವಾದದ್ದೇ. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ, ಶಿವಗಂಗೆ ಬೆಟ್ಟದ ಬುಡದಲ್ಲಿ, ಊಟದ ಎಲೆ, ಟೀ ಲೋಟ ಕೈಯಲ್ಲಿ ಹಿಡಿದು ಜಾಗ ಹುಡುಕುವವರನ್ನು ನಾನೂ ಕಂಡಿದ್ದೇನೆ. ಬುಟ್ಟಿ ಬೇಕೇ ಬೇಕು. ಆದರೆ ಬುಟ್ಟಿಯೊಂದರಿಂದಲೇ ವಿದೇಶದ ಆ ಊರುಗಳು ಚೊಕ್ಕಟವಾಗಲಿಲ್ಲ.

ಮಗನ ಮನೆಗೆಂದು ಟೋಕಿಯೊಗೆ ಹೋದಾಗ ನಾನೂ ಬುಟ್ಟಿ ಹುಡುಕಿದೆ. ಇಡೀ ಬೀದಿಯಲ್ಲಿ ಒಂದೂ ಕಾಣಲಿಲ್ಲ. 1995ರ ಮಾರ್ಚ್ 20ರಂದು ಅಲ್ಲಿನ ಸುರಂಗ ರೈಲಿನಲ್ಲಿ ಸರಿನ್ ವಿಷಾನಿಲ ದಾಳಿ ನಡೆಯಿತು. ಆಮೇಲೆ ಭದ್ರತೆಗಾಗಿ ಸಾರ್ವಜನಿಕ ಬುಟ್ಟಿಗಳನ್ನು ತೆಗೆಯುತ್ತ ಬಂದರು. ಆದರೂ ಬೀದಿ ಗುಡಿಸಿಟ್ಟಂತಿತ್ತು. ಜನ ತಮ್ಮ ಕಸವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ಯುತ್ತಾರೆ. ಅಲ್ಲಿ ಬಾಟಲಿ, ಡಬ್ಬ, ಸುಡುವ ಕಸವನ್ನು ಬೇರೆ ಮಾಡಿ, ಗೊತ್ತುಪಡಿಸಿದ ದಿನ ಹೊರಗಿಡುತ್ತಾರೆ. ಶಾಲೆಯಲ್ಲಿ ತಮ್ಮ ತರಗತಿ ಗುಡಿಸುವವರು ಮಕ್ಕಳೇ.

ಇನ್ನು ಬುಟ್ಟಿ ಇರುವ ಊರಿನ ಮಾತು. ಪ್ಯಾರಿಸ್‌ನವರು ಕಸದ ಬುಟ್ಟಿಗೆ 'ಪೂಬೆಲ್' ಎನ್ನುತ್ತಾರೆ. ಅದು ಒಬ್ಬ ಅಧಿಕಾರಿಯ ಹೆಸರು. ಯೂಜೀನ್ ಪೂಬೆಲ್ 1883ರಲ್ಲಿ ಮನೆ ಮಾಲೀಕರೆಲ್ಲ ಕಸಕ್ಕೆ ಮುಚ್ಚಳದ ಡಬ್ಬ ಇಡಬೇಕೆಂದು ಆಜ್ಞೆ ಹೊರಡಿಸಿದ. ಕೊಳೆಯುವುದಕ್ಕೆ ಒಂದು, ಕಾಗದ ಮತ್ತು ಚಿಂದಿಗೆ ಒಂದು, ಗಾಜು ಮತ್ತು ಚಿಪ್ಪಿಗೆ ಇನ್ನೊಂದು. ವಿಂಗಡಿಸಬೇಕೆಂಬ ಮಾತು ಆ ಆಜ್ಞೆಯಲ್ಲೇ ಇತ್ತು.

ನಮ್ಮಲ್ಲಿ ವಿಂಗಡಿಸದೆ ಬಿಟ್ಟದ್ದಕ್ಕೆ ದಂಡ ತೆತ್ತವರು ಯಾರು? ಬೆಂಗಳೂರಿನ ಕಸ ಸುರಿಯುತ್ತಿದ್ದ ಹಳ್ಳಿಗಳಲ್ಲಿ ಮಾವಳ್ಳಿಪುರದ ಬಾಗಿಲು 2012ರಲ್ಲಿ, ಮಂಡೂರಿನದು 2014ರಲ್ಲಿ ಮುಚ್ಚಿತು. ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಗುಂಡ್ಲಹಳ್ಳಿ, ಚಿಗರೇನಹಳ್ಳಿಗಳಿಗೂ ಕಸದ ಲಾರಿಗಳು ಬಂದವು. ಹಸಿ, ಒಣ ಒಂದಾಗಿ ಬಂದದ್ದು ಕೊಳೆತು ನಾರಿತು. ನೊಣದ ಕಾಟ, ದುರ್ವಾಸನೆ, ನೀರು ಕೆಡುವ ಭಯ ತಡೆಯಲಾರದೆ ಹಳ್ಳಿಯವರು ಲಾರಿ ತಡೆದು ರಸ್ತೆಯಲ್ಲಿ ಕುಳಿತರು. ನಗರದ ಬುಟ್ಟಿ ಖಾಲಿಯಾಗುವುದೆಂದರೆ ಯಾವುದೋ ಹಳ್ಳಿಯ ಮಗ್ಗುಲು ತುಂಬುವುದು ಎಂದು ನಾವು ಕಲಿತದ್ದು ಹೀಗೆ.

ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮನೆಯಲ್ಲೇ ಬೇರೆ ಮಾಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದವು. ಈಗ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಕಸ ಒಯ್ಯುವ ಸ್ವಚ್ಛ ವಾಹಿನಿ ಗಾಡಿಯನ್ನು ಹೆಣ್ಣುಮಕ್ಕಳೇ ಓಡಿಸಿಕೊಂಡು ಬರುತ್ತಾರೆ. ನಾವು ಬೆರೆಸಿ ಕೊಟ್ಟದ್ದನ್ನು ಅವರು ಕೈಯಿಂದಲೇ ಬಿಡಿಸಬೇಕಾಗುತ್ತದೆ. ಆ ಕೈಗಳ ಮೇಲೆ ನಮಗೆ ಕರುಣೆ ಬೇಡವೇ?

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಭಾನುವಾರ ಮಾಕಳಿ ಬೆಟ್ಟ ಹತ್ತಲು ಬಂದರೆ ತಂದ ಬಾಟಲಿ, ಚಿಪ್ಸ್ ಕವರು ನಿಮ್ಮ ಕಾರಿನಲ್ಲೇ ವಾಪಸು ಹೋಗಲಿ. ಮನೆಯಲ್ಲಿ ಸೊಪ್ಪಿನ ಕಡ್ಡಿಯೂ ಹಾಲಿನ ಕವರೂ ಒಂದೇ ಡಬ್ಬಕ್ಕೆ ಬೀಳದಿರಲಿ. ಮುಂದಿನ ಸಲ ಪರದೇಶದ ಬುಟ್ಟಿಯ ಫೋಟೊ ತೆಗೆದಾಗ, ಅದರೊಳಗಿನದು ಎಲ್ಲಿಗೆ ಹೋಗುತ್ತದೆಂದು ಅಲ್ಲಿಯವರನ್ನು ಕೇಳಿ ತಿಳಿದು ಬನ್ನಿ. ಬಂದು ನಮ್ಮ ಗ್ರಾಮಸಭೆಯಲ್ಲಿ ಎದ್ದುನಿಂತು ಹೇಳಿ. ಕೇಳಲು ನಾವಿದ್ದೇವೆ.

ಇತಿ ನಿಮ್ಮವನು,
ದೊಡ್ಡಬಳ್ಳಾಪುರ ತಾಲ್ಲೂಕಿನ ಒಬ್ಬ ನಿವಾಸಿ